ಹೊಟ್ಟೆಯ ಅಯೋರ್ಟಾ ಅನ್ಯೂರಿಸಮ್: ಈ ಸಿಟಿ ಅಳತೆಗೆ ತೊಡೆಸಂದಿಯಿಂದ ಸ್ಟೆಂಟ್ ಗ್ರಾಫ್ಟ್ ಕೂರುತ್ತದೆಯೇ?

ರೋಣ ಫಿಜಿಷಿಯನ್

ಎಲ್ಲರಿಗೂ ನಮಸ್ಕಾರ. ಗಂಡಸು, 68 ವರ್ಷ. ದಶಕಗಳ ಬೀಡಿ, ಈಚೆಗೆ ಬಿಟ್ಟಿದ್ದಾರೆ. ಬಿಪಿ ಇದೆ, ಶುಗರ್‌ಗೆ ಮೆಟ್‌ಫಾರ್ಮಿನ್. ಪ್ರಾಸ್ಟೇಟ್ ನೋಡಲೆಂದು ಮಾಡಿದ ಅಲ್ಟ್ರಾಸೌಂಡ್‌ನಲ್ಲಿ ಅಯೋರ್ಟಾ (ಹೃದಯದಿಂದ ಬರುವ ಮುಖ್ಯ ರಕ್ತನಾಳ) ಉಬ್ಬಿದ್ದು, ಅಂದರೆ ಅನ್ಯೂರಿಸಮ್, ಕಂಡಿದೆ, ನೋವೇನಿಲ್ಲ. ಸಿಟಿ ಆಂಜಿಯೋ ರಿಪೋರ್ಟಿನಲ್ಲಿ: ಕಿಡ್ನಿ ರಕ್ತನಾಳಗಳ ಕೆಳಗೆ 5.8 ಸೆಂ.ಮೀ. ಅನ್ಯೂರಿಸಮ್, ನೆಕ್ (ಉಬ್ಬಿನ ಮೇಲಿನ ಆರೋಗ್ಯವಂತ ಭಾಗ) ಉದ್ದ 14 ಮಿ.ಮೀ., ಅಗಲ 24 ಮಿ.ಮೀ., ಬಾಗು 50 ಡಿಗ್ರಿ. ಕಾಮನ್ ಇಲಿಯಾಕ್ (ಅಯೋರ್ಟಾ ಕವಲೊಡೆದು ಕಾಲಿನ ಕಡೆ ಹೋಗುವ ನಾಳ) ಬಲಕ್ಕೆ 15, ಎಡಕ್ಕೆ 19 ಮಿ.ಮೀ.; ಎಕ್ಸ್‌ಟರ್ನಲ್ ಇಲಿಯಾಕ್ ಬಲಕ್ಕೆ 7.5, ಎಡಕ್ಕೆ 5.8 ಮಿ.ಮೀ., ಎಡಗಡೆ ಕ್ಯಾಲ್ಸಿಯಂ ಜಾಸ್ತಿ. ಕ್ರಿಯಾಟಿನಿನ್ 1.6.

ಮನೆಯವರು ಹೊಟ್ಟೆ ಕೊಯ್ಯುವುದು ಬೇಡ, ಈವಾರ್ (ತೊಡೆಸಂದಿಯಿಂದ ಬಟ್ಟೆ ಹೊದಿಸಿದ ಸ್ಟೆಂಟ್ ಗ್ರಾಫ್ಟ್ ಕೂರಿಸುವುದು) ಆಗುವುದಾದರೆ ಮಾಡಿಸುತ್ತೇವೆ ಅನ್ನುತ್ತಿದ್ದಾರೆ. ಹುಬ್ಬಳ್ಳಿಗೆ ಕಳಿಸುವ ಮುಂಚೆ ನಾನು ಏನೇನು ಸಿದ್ಧ ಮಾಡಿಕೊಡಬೇಕು? ಈ ಅಳತೆಗೆ ಗ್ರಾಫ್ಟ್ ಕೂರುತ್ತದೆಯೇ?

ಸಿಟಿ ಟೇಬಲ್

ಸರ್, ಮೊದಲು ಸ್ಕ್ಯಾನ್ ಹೇಗೆ ಆಗಿದೆ ಅನ್ನುವುದನ್ನು ನೋಡಿ. ರಿಪೋರ್ಟಿನ ಅಂಕಿ ಆಮೇಲೆ. ಸ್ಲೈಸ್ 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿರಬೇಕು. 5 ಮಿ.ಮೀ. ಸ್ಲೈಸ್‌ನಲ್ಲಿ 14 ಮಿ.ಮೀ. ನೆಕ್ ಅಂದರೆ ಮೂರು ಚಿತ್ರಕ್ಕಿಂತ ಕಮ್ಮಿ, ಅದರ ಮೇಲೆ ನಂಬಿಕೆ ಇಡಲಾಗದು. ಸ್ಕ್ಯಾನ್ ಡಯಾಫ್ರಮ್‌ನಿಂದ ಶುರುವಾಗಿ ತೊಡೆಯ ಫೆಮೊರಲ್ ಕವಲಿನ ಕೆಳಗಿನವರೆಗೆ ಬಂದಿರಬೇಕು. ನಮ್ಮ ಕಡೆಯ ಬಹಳಷ್ಟು ಹೊಟ್ಟೆ ಸಿಟಿಗಳು ಸೊಂಟದ ಮೂಳೆ ಬಂದ ಕೂಡಲೇ ನಿಂತುಬಿಡುತ್ತವೆ, ಸೂಜಿ ಚುಚ್ಚುವ ಜಾಗವೇ ಚಿತ್ರದಲ್ಲಿ ಇರುವುದಿಲ್ಲ.

ಎರಡನೆಯದು, ಅಳತೆ ಸೆಂಟರ್‌ಲೈನ್ (ರಕ್ತನಾಳದ ನಡುಗೆರೆ) ಮೇಲೆ ತೆಗೆದದ್ದೋ, ಅಡ್ಡ ಸ್ಲೈಸ್ ಮೇಲೋ? 50 ಡಿಗ್ರಿ ಬಾಗಿದ ನೆಕ್ ಅನ್ನು ಅಡ್ಡ ಸ್ಲೈಸ್‌ನಲ್ಲಿ ಅಳೆದರೆ ರಕ್ತನಾಳ ಓರೆಯಾಗಿ ಕತ್ತರಿಸಿದಂತಾಗಿ ಅಗಲ ಹೆಚ್ಚಿಗೆ ಬರುತ್ತದೆ. 24 ಅನ್ನುವುದು ನಿಜಕ್ಕೂ 22 ಆಗಿರಬಹುದು. ರಕ್ತನಾಳದ ಓಟಕ್ಕೆ ನೇರ ಲಂಬವಾಗಿ ಅಳೆಯಬೇಕು.

ಫಿಲ್ಮ್ ಕಳಿಸಬೇಡಿ. ಡೈಕಾಮ್ ಡೇಟಾ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳು) ಇರುವ ಸಿಡಿ ಅಥವಾ ಪೆನ್‌ಡ್ರೈವ್ ಕಳಿಸಿ, ತೆಳು ಸ್ಲೈಸ್ ಸೀರೀಸ್ ಅದರಲ್ಲಿ ಇದೆಯೇ ಎಂದು ತೆರೆದು ನೋಡಿಯೇ ಕೊಡಿ. ಎಷ್ಟೋ ಸೆಂಟರ್‌ಗಳಲ್ಲಿ ಸಿಡಿಗೆ ದಪ್ಪ ಸೀರೀಸ್ ಮಾತ್ರ ಹೋಗುತ್ತದೆ, ತೆಳುವಾದದ್ದು ಕೆಲವೇ ದಿನಗಳಲ್ಲಿ ಮಷಿನ್‌ನಿಂದ ಅಳಿಸಿಹೋಗಿರುತ್ತದೆ. ಆಗ ಇದೇ ಕ್ರಿಯಾಟಿನಿನ್‌ಗೆ ಮತ್ತೊಮ್ಮೆ ಕಾಂಟ್ರಾಸ್ಟ್ ಕೊಡಬೇಕಾದೀತು.

ಧಾರವಾಡ ವ್ಯಾಸ್ಕುಲರ್

5.8 ಸೆಂ.ಮೀ. ಅಂದಮೇಲೆ ರಿಪೇರಿ ಬೇಕೋ ಬೇಡವೋ ಎಂಬ ಪ್ರಶ್ನೆ ಇಲ್ಲ. ಗಂಡಸರಿಗೆ 5.5, ಹೆಂಗಸರಿಗೆ 5.0 ಸೆಂ.ಮೀ. ಗಡಿ. ಅದಕ್ಕಿಂತ ಚಿಕ್ಕದಾದರೂ 6 ತಿಂಗಳಲ್ಲಿ ಅರ್ಧ ಸೆಂ.ಮೀ. ಬೆಳೆದರೆ, ಅಥವಾ ಮುಟ್ಟಿದರೆ ನೋವಿದ್ದರೆ ಕಾಯಬಾರದು.

ಈಗ ನೆಕ್. ಕಿಡ್ನಿ ರಕ್ತನಾಳಗಳಲ್ಲಿ ಕೆಳಗಿನದು ಯಾವುದೋ ಅಲ್ಲಿಂದ ಉಬ್ಬು ಶುರುವಾಗುವವರೆಗಿನ ಆರೋಗ್ಯವಂತ ಭಾಗ ಅದು. ಇಡೀ ಗ್ರಾಫ್ಟ್ ಹಿಡಿದು ನಿಲ್ಲುವುದು ಅಲ್ಲೇ. ಕೆಲವು ಗ್ರಾಫ್ಟ್‌ಗಳಿಗೆ 15 ಮಿ.ಮೀ. ಬೇಕು, ಕೆಲವಕ್ಕೆ 60 ಡಿಗ್ರಿ ಒಳಗಿನ ಬಾಗಿದ್ದರೆ 10 ಸಾಕು. ನಿಮ್ಮದು 14, 50 ಡಿಗ್ರಿ: ಎರಡನೇ ಬಗೆಯದಕ್ಕೆ ಆಗುತ್ತದೆ, ಆದರೆ ಅಂಚಿನಲ್ಲಿದೆ. ರಿಪೋರ್ಟಿನಲ್ಲಿ ಬರೆಯದ ಮೂರು ಸಂಗತಿ ಕೇಳಿ ತಿಳಿದುಕೊಳ್ಳಿ. ನೆಕ್‌ನ ಒಳಗೋಡೆಗೆ ಎಷ್ಟು ಸುತ್ತು ರಕ್ತಗಟ್ಟಿ ಅಂಟಿದೆ, ಎಷ್ಟು ಕ್ಯಾಲ್ಸಿಯಂ ಇದೆ, ಮೇಲಿಂದ ಕೆಳಕ್ಕೆ ಅಗಲ ಒಂದೇ ಇದೆಯೋ ಇಳಿಯುತ್ತಾ ಹಿಗ್ಗುತ್ತದೆಯೋ. 14 ಮಿ.ಮೀ. ಒಳಗೇ 3 ಮಿ.ಮೀ. ಹಿಗ್ಗಿದ್ದರೆ ಅದನ್ನು ಒಳ್ಳೆಯ ನೆಕ್ ಎಂದು ಲೆಕ್ಕ ಹಿಡಿಯಬೇಡಿ.

ಗ್ರಾಫ್ಟ್ ಸೈಜು ನೆಕ್‌ಗಿಂತ 10ರಿಂದ 20 ಪ್ರತಿಶತ ದೊಡ್ಡದಿರಬೇಕು. 24ಕ್ಕೆ 28 ಬರುತ್ತದೆ. ಕಮ್ಮಿ ತೆಗೆದುಕೊಂಡರೆ ಸುತ್ತ ರಕ್ತ ನುಗ್ಗುತ್ತದೆ. ಬಹಳ ದೊಡ್ಡದು ಹಾಕಿದರೆ ದೊಗಳೆ ಅಂಗಿ ಪ್ಯಾಂಟಿನೊಳಗೆ ಸಿಕ್ಕಿಸಿದಾಗ ಬೀಳುವ ಹಾಗೆ ಬಟ್ಟೆ ಮಡಿಕೆ ಬಿದ್ದು, ಆ ಮಡಿಕೆಯ ಸಂದಿನಿಂದಲೇ ಸೋರುತ್ತದೆ. ಎಡ ಕಾಮನ್ ಇಲಿಯಾಕ್ 19 ಇದೆ, ಅಲ್ಲಿ ಬುಡ ಅಗಲವಾಗುವ ಲೆಗ್ (ಗ್ರಾಫ್ಟ್‌ನ ಇಲಿಯಾಕ್‌ಗೆ ಇಳಿಯುವ ತುಂಡು) ಬೇಕು, ಸುಮಾರು 22. ನಿಖರ ಸೈಜು ಆ ಗ್ರಾಫ್ಟ್‌ನ ಚಾರ್ಟ್ ಹೇಳುತ್ತದೆ. ಕೆಳಗೂ ಹಿಡಿತಕ್ಕೆ ಕನಿಷ್ಠ 15 ಮಿ.ಮೀ. ಜಾಗ ಸಿಗಬೇಕು.

ದಾರಿ: ಬಲಗಡೆ 7.5 ಇದೆ, ಮೇನ್ ಬಾಡಿ (ಗ್ರಾಫ್ಟ್‌ನ ಮುಖ್ಯ ತುಂಡು) ಬಲದಿಂದಲೇ ಹೋಗಬೇಕು. ಎಡದ 5.8 ನನಗೆ ಚಿಂತೆ.

ಕ್ಯಾಥ್‌ಲ್ಯಾಬ್ ಟೆಕ್

ಎಡದ ವಿಷಯದಲ್ಲಿ ಒಂದು ಲೆಕ್ಕ ಹೇಳ್ತೀನಿ ಸರ್, ಇಲ್ಲಿ ಎಡವುವವರು ಬಹಳ. 1 ಫ್ರೆಂಚ್ (ಕೊಳವೆ ದಪ್ಪದ ಅಳತೆ) ಅಂದರೆ 0.33 ಮಿ.ಮೀ. 16 ಫ್ರೆಂಚ್ ಅಂದಾಗ 5.3 ಮಿ.ಮೀ., 5.8ರಲ್ಲಿ ಹೋಗುತ್ತದೆ ಅನಿಸುತ್ತದೆ. ಆದರೆ ಪ್ರತ್ಯೇಕವಾಗಿ ಬರುವ ಶೀತ್ (ರಕ್ತನಾಳಕ್ಕೆ ತೂರಿಸುವ ಕೊಳವೆ) ಮೇಲೆ ಬರೆದಿರುವುದು ಒಳ ಅಳತೆ, ಹೊರ ಅಳತೆ ಸುಮಾರು 2 ಫ್ರೆಂಚ್ ಹೆಚ್ಚು, ಅಂದರೆ ಸುಮಾರು 6 ಮಿ.ಮೀ. ಆಗುತ್ತದೆ. ಗ್ರಾಫ್ಟ್ ತನ್ನದೇ ಡೆಲಿವರಿ ಸಿಸ್ಟಮ್‌ನಲ್ಲಿ ಬಂದಿದ್ದರೆ ಅದರ ಮೇಲಿನ ಅಂಕಿ ಹೊರ ಅಳತೆ. ಆರ್ಡರ್ ಮಾಡುವ ಮೊದಲು ಯಾವುದು ಯಾವುದೆಂದು ಡಬ್ಬಿ ಮೇಲೆ ಓದಿಕೊಳ್ಳಬೇಕು.

ಮೆತ್ತಗಿನ ನಾಳವಾದರೆ ಸ್ವಲ್ಪ ಹಿಗ್ಗಿ ದಾರಿ ಕೊಡುತ್ತದೆ. ಸುತ್ತಲೂ ಕ್ಯಾಲ್ಸಿಯಂ ಕಟ್ಟಿದ್ದು ಹಿಗ್ಗುವುದಿಲ್ಲ, ಹರಿಯುತ್ತದೆ. ಹರಿದದ್ದು ಗೊತ್ತಾಗುವುದು ಶೀತ್ ಹೊರಗೆ ಎಳೆದಾಗ, ಏಕೆಂದರೆ ಅಲ್ಲಿಯವರೆಗೆ ಶೀತ್‌ನೇ ತೂತು ಮುಚ್ಚಿರುತ್ತದೆ. ಎಳೆದ ಕೂಡಲೇ ಬಿಪಿ ಕುಸಿದರೆ ಇಲಿಯಾಕ್ ಹರಿದಿದೆ ಎಂದೇ ತಿಳಿಯಬೇಕು. ಹಾಗಾಗಿ ಕೊನೇ ತನಕ ಸ್ಟಿಫ್ ವೈರ್ ತೆಗೆಯಬಾರದು. ವೈರ್ ಇದ್ದರೆ ಬಲೂನ್ ಏರಿಸಿ ರಕ್ತ ನಿಲ್ಲಿಸಿ ಕವರ್ಡ್ ಸ್ಟೆಂಟ್ ಹಾಕಬಹುದು.

ಟೇಬಲ್ ಮೇಲೆ ಗ್ರಾಫ್ಟ್ ಜೊತೆಗೆ ಇರಲೇಬೇಕಾದದ್ದು: ನೆಕ್‌ಗೆ ಒಂದು ಕಫ್ (ಚಿಕ್ಕ ಹೆಚ್ಚುವರಿ ಗ್ರಾಫ್ಟ್ ತುಂಡು), ಒಂದೊಂದು ಸೈಜು ಹೆಚ್ಚು-ಕಡಿಮೆ ಇರುವ ಲೆಗ್‌ಗಳು, ಇಲಿಯಾಕ್‌ಗೆ ಕವರ್ಡ್ ಸ್ಟೆಂಟ್, ದೊಡ್ಡ ಬಲೂನ್-ಎಕ್ಸ್‌ಪಾಂಡಬಲ್ ಬರಿ ಸ್ಟೆಂಟ್, ಅಯೋರ್ಟಾ ಮುಚ್ಚುವ ಬಲೂನ್, ಸ್ನೇರ್ (ವೈರ್ ಹಿಡಿಯುವ ಕುಣಿಕೆ). ಬೇರೆ ಊರಿಂದ ತರಿಸುವುದಾದರೆ ಇವೆಲ್ಲ ಬಂದಿವೆಯೇ ಎಂದು ಹಿಂದಿನ ದಿನವೇ ಎಣಿಸಬೇಕು. ಪೇಷಂಟ್ ಮಲಗಿದ ಮೇಲೆ ಬೆಂಗಳೂರಿಗೆ ಫೋನ್ ಮಾಡಿ ಫಲವಿಲ್ಲ.

ಅರಿವಳಿಕೆ ಹುಬ್ಬಳ್ಳಿ

68 ವರ್ಷ, ಕ್ರಿಯಾಟಿನಿನ್ 1.6 ಅಂದರೆ ಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) 45ರ ಆಸುಪಾಸು. ಈವಾರ್‌ಗೆ ಇದು ಅಡ್ಡಿಯಲ್ಲ, ಆದರೆ ಸಿಟಿ ಕಾಂಟ್ರಾಸ್ಟ್ ಆದ ಮರುದಿನವೇ ಕ್ಯಾಥ್‌ಲ್ಯಾಬಿಗೆ ಕಳಿಸಬೇಡಿ. ನಡುವೆ ಕೆಲ ದಿನ ಬಿಟ್ಟು ಕ್ರಿಯಾಟಿನಿನ್ ಮತ್ತೆ ನೋಡಿ. ನೋವಿನ ಗುಳಿಗೆ, ಅದರಲ್ಲೂ ಡೈಕ್ಲೋಫೆನಾಕ್, ಪೂರಾ ಬಂದ್. ಹಾರ್ಟ್ ಫೇಲ್ಯೂರ್ ಇಲ್ಲದಿದ್ದರೆ ನಾರ್ಮಲ್ ಸಲೈನ್ ತಾಸಿಗೆ ಕೆ.ಜಿ.ಗೆ 1 ಮಿ.ಲೀ., ಮುಂಚೆ 6ರಿಂದ 12 ತಾಸು, ಆಮೇಲೂ ಅಷ್ಟೇ. ವೈರ್, ಗ್ರಾಫ್ಟ್ ಆಡುವಾಗ ಕಿಡ್ನಿ ರಕ್ತನಾಳಕ್ಕೆ ಕಸ ಹಾರುವ ಸಾಧ್ಯತೆ ಇರುವುದರಿಂದ ಮೆಟ್‌ಫಾರ್ಮಿನ್ ಪ್ರೊಸೀಜರ್ ದಿನದಿಂದ ನಿಲ್ಲಿಸಿ, 48 ತಾಸಿನ ನಂತರ ಕ್ರಿಯಾಟಿನಿನ್ ನೋಡಿ ಶುರು ಮಾಡಿ.

ಇಸಿಜಿ, ಎಕೋ, ಉಸಿರಿನ ಪಿಎಫ್‌ಟಿ ಜೊತೆಗೆ ಕಳಿಸಿ. ಬೀಡಿ ಸೇದಿದ ಶ್ವಾಸಕೋಶಕ್ಕೆ ಲೋಕಲ್ ಅನಸ್ತೇಷಿಯಾದಲ್ಲೇ ಮಾಡಬಹುದು ಅನ್ನುವುದು ಈವಾರ್‌ನ ದೊಡ್ಡ ಅನುಕೂಲ. ಆದರೆ ಪೇಷಂಟ್ ಹೇಳಿದಾಗ ಉಸಿರು ಹಿಡಿಯಬೇಕು, ಅದನ್ನು ವಾರ್ಡಿನಲ್ಲೇ ರೂಢಿ ಮಾಡಿಸಿ. ಉಸಿರಾಡಿದರೆ ಕಿಡ್ನಿ ರಕ್ತನಾಳದ ಬಾಯಿ ಚಿತ್ರದಲ್ಲಿ ಮೇಲೆ-ಕೆಳಗೆ ಸರಿಯುತ್ತದೆ.

ರೋಣ ಫಿಜಿಷಿಯನ್

ಬಹಳ ಉಪಕಾರ. ಸಿಡಿ ತೆರೆದು ನೋಡಿದೆ, 1 ಮಿ.ಮೀ. ಸೀರೀಸ್ ಇದೆ, ತೊಡೆಯವರೆಗೂ ಇದೆ. ಮನೆಯವರಿಗೆ ಬಿಡಿಸಿ ಹೇಳಬೇಕು, ಟೇಬಲ್ ಮೇಲೆ ನಡೆಯುವುದನ್ನು ಕ್ರಮವಾಗಿ ಯಾರಾದರೂ ಬರೆಯುತ್ತೀರಾ?

ಕ್ಯಾಥ್‌ಲ್ಯಾಬ್ ಟೆಕ್

ಬರೀತೀನಿ ಸರ್.

ಎರಡೂ ತೊಡೆಸಂದಿಯಲ್ಲಿ ಕಾಮನ್ ಫೆಮೊರಲ್ ಅನ್ನು ಅಲ್ಟ್ರಾಸೌಂಡ್ ನೋಡುತ್ತ ಚುಚ್ಚುತ್ತಾರೆ, ಕವಲಿನ ಮೇಲ್ಗಡೆ, ಮುಂದಿನ ಗೋಡೆಗೆ ಕ್ಯಾಲ್ಸಿಯಂ ಇಲ್ಲದ ಕಡೆ. ದೊಡ್ಡ ಶೀತ್ ಹೋಗುವ ಮೊದಲೇ ಪ್ರತಿ ಬದಿಗೆ ಎರಡು ಪ್ರೊಗ್ಲೈಡ್ ಹೊಲಿಗೆ, ಗಡಿಯಾರದ 10 ಮತ್ತು 2ರ ದಿಕ್ಕಿಗೆ, ಹಾಕಿ ದಾರ ಬಿಗಿಯದೆ ಹಿಡಿದಿಡುತ್ತಾರೆ. ಕೊನೆಗೆ ಅವನ್ನೇ ಬಿಗಿಯುವುದು. ಮುಂದಿನ ಗೋಡೆ ಕಲ್ಲಿನಂತಿದ್ದರೆ ಈ ಸೂಜಿ ನಾಟುವುದಿಲ್ಲ, ಆಗ ಚಿಕ್ಕದಾಗಿ ಕೊಯ್ದು ರಕ್ತನಾಳ ಬಿಡಿಸಿಕೊಳ್ಳುವುದೇ ಸುರಕ್ಷಿತ.

ಹೆಪಾರಿನ್ ಕೆ.ಜಿ.ಗೆ 100 ಯುನಿಟ್, ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 250 ಸೆಕೆಂಡ್ ಹತ್ತಿರ ಇಟ್ಟುಕೊಳ್ಳಬೇಕು. ಮೆತ್ತಗಿನ ವೈರ್ ಮೇಲೆ ಕ್ಯಾತೆಟರ್ ಏರಿಸಿ, ಅದರೊಳಗಿಂದ ಲುಂಡರ್‌ಕ್ವಿಸ್ಟ್ ಥರದ ಸ್ಟಿಫ್ ವೈರ್ ಬದಲಿಸುತ್ತಾರೆ. ಸ್ಟಿಫ್ ವೈರ್‌ನ್ನು ಬರಿಯಾಗಿ ಎಂದೂ ಏರಿಸಬಾರದು. ಅದರ ತುದಿ ಎದೆಯ ಅಯೋರ್ಟಾದಲ್ಲಿ ಎಲ್ಲಿದೆ ಎಂದು ಒಬ್ಬರು ನೋಡುತ್ತಲೇ ಇರಬೇಕು.

ಮೇನ್ ಬಾಡಿಯನ್ನು ಬಲದಿಂದ, ಪಿಗ್‌ಟೇಲ್ (ತುದಿ ಸುರುಳಿಯಾದ) ಕ್ಯಾತೆಟರ್ ಎಡದಿಂದ. ಈಗ ಸಿ-ಆರ್ಮ್ (ಎಕ್ಸ್‌ರೇ ಯಂತ್ರ) ಕೋನ. ನೆಕ್ ಸಾಮಾನ್ಯವಾಗಿ ಮುಂದಕ್ಕೆ ಬಾಗಿರುತ್ತದೆ, ನೇರ ಎದುರಿನಿಂದ ನೋಡಿದರೆ 14 ಮಿ.ಮೀ. ನೆಕ್ 10ರಂತೆ ಕಾಣುತ್ತದೆ. ಎಷ್ಟು ಡಿಗ್ರಿ ತಲೆಯ ಕಡೆ, ಎಷ್ಟು ಪಕ್ಕಕ್ಕೆ ಅನ್ನುವುದನ್ನು ಸಿಟಿಯಲ್ಲೇ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದಿಟ್ಟುಕೊಂಡು ಬರಬೇಕು. ಸ್ಟಿಫ್ ವೈರ್ ಹೋದ ಮೇಲೆ ಬಾಗು ಸ್ವಲ್ಪ ನೆಟ್ಟಗಾಗುತ್ತದೆ, ಅದಕ್ಕೇ ಗ್ರಾಫ್ಟ್ ಜಾಗಕ್ಕೆ ಬಂದ ಮೇಲೆ ಇನ್ನೊಂದು ಚಿತ್ರ. 15 ಮಿ.ಲೀ. ಕಾಂಟ್ರಾಸ್ಟ್ ಸಾಕು. ಕೆಳಗಿನ ಕಿಡ್ನಿ ರಕ್ತನಾಳದ ಬಾಯಿಗೆ ಪರದೆ ಮೇಲೆ ಗುರುತು ಹಾಕಿದ ಮೇಲೆ ಟೇಬಲ್ ಅಲುಗಿಸಿದರೆ ಆ ಗುರುತು ಸುಳ್ಳು.

ಗ್ರಾಫ್ಟ್‌ನ ಬಟ್ಟೆ ಆ ಬಾಯಿಯ ಕೆಳಗಂಚಿಗೆ ಸರಿಯಾಗಿ ಕೂರಬೇಕು. ನೈಟಿನಾಲ್ ಚೌಕಟ್ಟು, ಪಾಲಿಯೆಸ್ಟರ್ ಇಲ್ಲವೆ ಪಿಟಿಎಫ್‌ಇ ಬಟ್ಟೆ. ಬಹಳ ಗ್ರಾಫ್ಟ್‌ಗಳಲ್ಲಿ ಬಟ್ಟೆ ಇಲ್ಲದ ಒಂದು ಸ್ಟೆಂಟ್ ಕಿಡ್ನಿ ರಕ್ತನಾಳದ ಮೇಲಕ್ಕೂ ಚಾಚಿ ಕೊಕ್ಕೆಗಳಿಂದ ಕಚ್ಚಿಕೊಳ್ಳುತ್ತದೆ. ಬಿಡಿಸುತ್ತಾ ಹೋಗಿ ಎಡಗಾಲಿನ ಗೇಟ್ (ಎಡ ಲೆಗ್ ಸೇರುವ ಬಾಯಿ) ತೆರೆದ ಕೂಡಲೇ ನಿಲ್ಲುತ್ತಾರೆ.

ಇನ್ನು ಗೇಟ್. ಎಡದಿಂದ ವೈರ್ ಏರಿಸಿ ಆ ಚಿಕ್ಕ ಬಾಯಿಯೊಳಗೆ ತೂರಿಸಬೇಕು. ಎಷ್ಟೋ ಸಲ ವೈರ್ ಬಾಡಿಯ ಹಿಂದಿನಿಂದ ಏರಿ, ಪರದೆ ಮೇಲೆ ಒಳಗೇ ಇದ್ದಂತೆ ಕಾಣುತ್ತದೆ. ನಂಬಬಾರದು. ಪಿಗ್‌ಟೇಲ್ ಏರಿಸಿ ಬಾಡಿಯೊಳಗೆ ತಿರುಗಿಸಿ, ಸುರುಳಿ ಸಲೀಸಾಗಿ ಗಿರಗಿರ ತಿರುಗಿದರೆ ಒಳಗಿದೆ. ತೊಡರಿದರೆ, ಉದ್ದಕ್ಕೆ ಎಳೆದುಕೊಂಡರೆ ಹೊರಗಿದೆ. ಎರಡು ಕೋನದಲ್ಲಿ ನೋಡಿ. ಹೊರಗಿರುವ ವೈರ್ ಮೇಲೆ ಎಡ ಲೆಗ್ ಬಿಟ್ಟರೆ ಅದು ಅನ್ಯೂರಿಸಮ್ ಚೀಲದೊಳಗೇ ಅರಳುತ್ತದೆ. ಆಮೇಲೆ ಒಂದೇ ಕಾಲಿಗೆ ರಕ್ತ ಇಳಿಸಿ ತೊಡೆಯಿಂದ ತೊಡೆಗೆ ಬೈಪಾಸ್, ಇಲ್ಲವೇ ಹೊಟ್ಟೆ ತೆರೆಯುವುದು. 15-20 ನಿಮಿಷದಲ್ಲಿ ಗೇಟ್ ಸಿಗದಿದ್ದರೆ ಹಟ ಬೇಡ, ಬಲದಿಂದ ಕವಲಿನ ಮೇಲೆ ವೈರ್ ದಾಟಿಸಿ ಎಡದಿಂದ ಸ್ನೇರ್‌ನಲ್ಲಿ ಹಿಡಿದು ಎಳೆದುಕೊಳ್ಳುವುದು ಬೇಗ.

ಎಡ ಲೆಗ್ ಬಿಡುವ ಮುಂಚೆ ಓರೆ ಕೋನದಲ್ಲಿ ಇಂಟರ್ನಲ್ ಇಲಿಯಾಕ್ ಬಾಯಿ ನೋಡಿ, ಅದು ಮುಚ್ಚಬಾರದು. ಗೇಟ್‌ನೊಳಗೆ ಲೆಗ್ ಸಾಮಾನ್ಯವಾಗಿ 3 ಸೆಂ.ಮೀ. ಸೇರಿರಬೇಕು. ಬಲದ್ದನ್ನೂ ಬಿಟ್ಟು ಮುಗಿಸಿ, ನೆಕ್, ಸೇರಿದ ಜಾಗ, ಕೆಳ ತುದಿಗಳಿಗೆ ಮೆತ್ತನೆ ಬಲೂನ್. ಬಲೂನ್ ಬಟ್ಟೆಯ ಅಂಚು ದಾಟಿ ಬರಿ ರಕ್ತನಾಳದಲ್ಲಿ ಉಬ್ಬಬಾರದು.

ಕೊನೆಯ ಚಿತ್ರವನ್ನು ಉದ್ದವಾಗಿ ಓಡಿಸಬೇಕು, ಸೋರಿಕೆ ತಡವಾಗಿ ಕಾಣುತ್ತದೆ.

ಧಾರವಾಡ ವ್ಯಾಸ್ಕುಲರ್

ಅಲ್ಲಿಂದ ಮುಂದೆ ನಾನು. ಆ ಕೊನೆಯ ಚಿತ್ರದಲ್ಲಿ ನೆಕ್‌ನಿಂದಲೋ ಕೆಳ ತುದಿಯಿಂದಲೋ ಚೀಲಕ್ಕೆ ರಕ್ತ ಹೋಗುತ್ತಿದ್ದರೆ ಟೈಪ್ 1. ಎರಡು ತುಂಡು ಸೇರಿದ ಕಡೆಯಿಂದಲೋ ಹರಿದ ಬಟ್ಟೆಯಿಂದಲೋ ಬಂದರೆ ಟೈಪ್ 3. ಇವೆರಡನ್ನೂ ಟೇಬಲ್ ಮೇಲೇ ಸರಿ ಮಾಡಬೇಕು: ಮತ್ತೆ ಬಲೂನ್, ಆಗಲಿಲ್ಲವೆಂದರೆ ಕಫ್, ಅದೂ ಆಗಲಿಲ್ಲವೆಂದರೆ ನೆಕ್‌ಗೆ ಬರಿ ಸ್ಟೆಂಟ್ ಅಥವಾ ಗ್ರಾಫ್ಟನ್ನು ಗೋಡೆಗೆ ಹೊಲಿಯುವ ಆಂಕರ್‌ಗಳು. ಅನ್ಯೂರಿಸಮ್ ಮೇಲಿನ ಒತ್ತಡ ಒಂದಿಷ್ಟೂ ಇಳಿದಿರುವುದಿಲ್ಲ, ನಾಳೆ ನೋಡೋಣ ಅನ್ನುವಂತಿಲ್ಲ.

ಲಂಬಾರ್ ಅಥವಾ ಕೆಳ ಮೆಸೆಂಟರಿಕ್ ರಕ್ತನಾಳದಿಂದ ಹಿಂದಕ್ಕೆ ಹರಿದು ಬರುವುದು ಟೈಪ್ 2. ಬಹಳ ಸಾಮಾನ್ಯ, ಎಷ್ಟೋ ತಾನಾಗಿ ಮುಚ್ಚಿಕೊಳ್ಳುತ್ತವೆ. ಚೀಲ ಬೆಳೆಯುತ್ತಿದ್ದರೆ ಮಾತ್ರ ಕಾಯಿಲ್ (ನಾಳ ಮುಚ್ಚುವ ತಂತಿ ಸುರುಳಿ) ಹಾಕುವ ಯೋಚನೆ.

ಮನೆಯವರಿಗೆ ಹೇಳುವಾಗ ಒಂದು ಮಾತು ಬಿಡಬೇಡಿ. ಬ್ರಿಟನ್ನಿನ ಈವಾರ್-1 ಅಧ್ಯಯನದಲ್ಲಿ ಮೊದಲ 30 ದಿನದ ಸಾವು ಈವಾರ್‌ಗೆ 1.7 ಪ್ರತಿಶತ, ಹೊಟ್ಟೆ ತೆರೆದದ್ದಕ್ಕೆ 4.7. ಆದರೆ ಅದೇ ಅಧ್ಯಯನದ 15 ವರ್ಷದ ಫಲಿತಾಂಶ 2016ರಲ್ಲಿ ಬಂದಾಗ, 8 ವರ್ಷ ದಾಟಿದ ಮೇಲೆ ಈವಾರ್ ಗುಂಪಿನಲ್ಲೇ ಹೆಚ್ಚು ಸಾವು, ಚೀಲ ಮತ್ತೆ ಒಡೆದದ್ದು ಅದಕ್ಕೆ ಮುಖ್ಯ ಕಾರಣ. ಗ್ರಾಫ್ಟ್ ಹಾಕಿಸಿಕೊಂಡವರು ವರ್ಷಕ್ಕೊಮ್ಮೆ ಸ್ಕ್ಯಾನ್‌ಗೆ ಬರಲೇಬೇಕು, ಬದುಕಿರುವವರೆಗೆ. ಬರಲು ಆಗುವುದಿಲ್ಲ ಎನ್ನುವ, ಹೃದಯ-ಶ್ವಾಸಕೋಶ ಗಟ್ಟಿಯಾಗಿರುವ 60ರ ಗಂಡಸಿಗೆ ನಾನು ಹೊಟ್ಟೆ ತೆರೆದು ಮಾಡುವುದನ್ನೇ ಮೊದಲು ಹೇಳುತ್ತೇನೆ. ನಿಮ್ಮ ಪೇಷಂಟ್‌ಗೆ ಪಿಎಫ್‌ಟಿ ಬಂದ ಮೇಲೆ ತೀರ್ಮಾನ.

ನರಗುಂದದಿಂದ

ನಮಸ್ಕಾರ್ರೀ. ನಮ್ಮ ಕಾಕಾರಿಗೂ ಇದ ಗ್ರಾಫ್ಟ್ ಹಾಕಬೇಕಂತ ಹೇಳ್ಯಾರ. ಎಷ್ಟ ದಿವಸ ದವಾಖಾನ್ಯಾಗ ಇರಬೇಕಾಕ್ಕೈತ್ರಿ? ಹೊಲದ ಕೆಲಸ ಮಾಡಬಹುದೇನ್ರಿ? ಆಯುಷ್ಮಾನ್ ಕಾರ್ಡ್ ನಡೀತೈತೇನು?

ಐಸಿಯು ಸಿಸ್ಟರ್

ನಮಸ್ಕಾರ ಅಣ್ಣಾರ. ತೊಂದರೆ ಏನೂ ಆಗದಿದ್ದರ 2-3 ದಿನಕ್ಕ ಮನೀಗೆ ಕಳಸ್ತಾರ. ಎರಡು ವಾರ ಭಾರ ಎತ್ತೋದು, ಕುಕ್ಕರಗಾಲಿಲೆ ಕೂಡೋದು ಬ್ಯಾಡ, ತೊಡೆಸಂದಿ ಹೊಲಿಗಿ ಮ್ಯಾಲೆ ಜಗ್ಗಾಟ ಬೀಳ್ತದ. ಆಮ್ಯಾಲೆ ಡಾಕ್ಟರ್ ನೋಡಿ ಹೂಂ ಅಂದ ಮ್ಯಾಲೆ ಹೊಲದ ಕೆಲಸ ನಡೀತದ. ಮೊದಲ ವಾರ ಸಣ್ಣ ಜ್ವರ ಬರಬಹುದು, ಮೈ ಗ್ರಾಫ್ಟಿಗೆ ಹೊಂದಿಕೊಳ್ಳೋ ಜ್ವರ ಅದು. ಆದ್ರ ಚಳಿ ನಡುಗಿ ಬಂದರ, ವಾರ ದಾಟಿದರ, ಗಾಯದಿಂದ ಕೀವು ಬಂದರ ಕಾಯಬ್ಯಾಡ್ರಿ, ಬ್ಲಡ್ ಕಲ್ಚರ್ ಮಾಡಸಲಿಕ್ಕೇ ಬೇಕು.

ಕಾರ್ಡಿನ ವಿಷಯ: ಬಿಪಿಎಲ್ ಇದ್ದರ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ, ಎಪಿಎಲ್ ಇದ್ದರ ಪ್ಯಾಕೇಜ್ ದರದ 30 ಪ್ರತಿಶತ, 1.5 ಲಕ್ಷದ ತನಕ. ಇದು ತುರ್ತು ಅಲ್ಲದ ಕೇಸು, ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಮೊದಲ ಮಂಜೂರಾತಿನೂ ಬೇಕು. ಅಡ್ಮಿಟ್ ಆಗೋಕ್ಕಿಂತ ಮೊದಲ ಆರೋಗ್ಯಮಿತ್ರರ ಕಡೆ ಹೋಗಿ, ಗ್ರಾಫ್ಟಿನ ರೊಕ್ಕ ಪ್ಯಾಕೇಜಿನೊಳಗ ಬರ್ತದೋ ಬ್ಯಾರೆ ಕೊಡಬೇಕೋ ಅಂತ ಬರವಣಿಗೆಯೊಳಗ ಕೇಳ್ರಿ. ಖರ್ಚಿನ ದೊಡ್ಡ ಪಾಲು ಗ್ರಾಫ್ಟಿಂದೇ.

ಹಾನಗಲ್ ಕ್ಯಾಜುವಾಲ್ಟಿ

ಒಡೆದ ಅನ್ಯೂರಿಸಮ್ ನಮ್ಮಂಥ ಕಡೆ ಬಂದರೆ? ಹುಬ್ಬಳ್ಳಿ ತಲುಪುವ ಮೊದಲು ನಾವು ಏನು ಮಾಡಬೇಕು, ಏನು ಮಾಡಬಾರದು?

ಅರಿವಳಿಕೆ ಹುಬ್ಬಳ್ಳಿ

ಮೊದಲು ಗುರುತಿಸುವುದು. 60 ದಾಟಿದ, ಬೀಡಿ ಸೇದುವ ಗಂಡಸಿಗೆ ಮೊದಲ ಬಾರಿ ಎಡ ಪಕ್ಕೆ ನೋವು, ಬೆವರು, ಒಮ್ಮೆ ತಲೆಸುತ್ತಿ ಬಿದ್ದದ್ದು ಇದ್ದರೆ, ಕಿಡ್ನಿ ಕಲ್ಲು ಎಂದು ಡೈಕ್ಲೋಫೆನಾಕ್ ಚುಚ್ಚುವ ಮುನ್ನ ಅಲ್ಟ್ರಾಸೌಂಡ್ ಪ್ರೋಬ್ ಹೊಕ್ಕುಳ ಮೇಲೆ ಇಡಿ. ಎರಡು ನಿಮಿಷದ ಕೆಲಸ. ಅಯೋರ್ಟಾ 3 ಸೆಂ.ಮೀ. ಮೀರಿ, ಬಿಪಿ ಇಳಿದಿದ್ದರೆ ಒಡೆದಿದೆ ಎಂದೇ ಹಿಡಿದು ನಡೆಯಿರಿ. ಹೊರಗಿನ ಸೋರಿಕೆ ಅಲ್ಟ್ರಾಸೌಂಡ್‌ನಲ್ಲಿ ಕಾಣದಿದ್ದರೂ ಅದು ಇಲ್ಲವೆಂದಲ್ಲ.

ಮಾಡಬಾರದ್ದು: ಬಿಪಿ 120ಕ್ಕೆ ತರಬೇಕೆಂದು ಸಲೈನ್ ಸುರಿಯುವುದು. ಹೊಟ್ಟೆಯ ಹಿಂಬದಿಯಲ್ಲಿ ಹೆಪ್ಪುಗಟ್ಟಿ ತಾತ್ಕಾಲಿಕವಾಗಿ ನಿಂತಿರುವ ರಕ್ತ, ಒತ್ತಡ ಏರಿದ ಕೂಡಲೇ ಕಿತ್ತುಕೊಂಡು ಹೊಟ್ಟೆಯೊಳಗೆ ನುಗ್ಗುತ್ತದೆ. ಮಾತಾಡುತ್ತಿದ್ದಾರೆ, ಹೇಳಿದ್ದು ತಿಳಿಯುತ್ತಿದೆ ಅಂದರೆ ಸಿಸ್ಟಾಲಿಕ್ 80-90 ಸಾಕು. 70ಕ್ಕಿಂತ ಕೆಳಗೆ ಬಿಡಬೇಡಿ. ಪ್ರಜ್ಞೆ ಮಂಕಾದರೆ ಸ್ವಲ್ಪ ಸ್ವಲ್ಪವಾಗಿ ಕೊಡಿ, ರಕ್ತ ಸಿಕ್ಕರೆ ರಕ್ತವನ್ನೇ. ಟ್ಯೂಬ್ ಹಾಕಿ ಮಲಗಿಸುವುದು ಬೇಡ, ಸ್ನಾಯು ಸಡಿಲವಾದರೆ ಬಿಪಿ ಒಮ್ಮೆಲೇ ಬಿದ್ದುಹೋಗುತ್ತದೆ. ಟೇಬಲ್ ಮೇಲೂ ಆದಷ್ಟು ಲೋಕಲ್‌ನಲ್ಲೇ ಮಾಡುವುದು ಇದೇ ಕಾರಣಕ್ಕೆ.

ಮಾಡಬೇಕಾದ್ದು: ಎರಡು ದಪ್ಪ ಐವಿ ಲೈನು, ಕ್ರಾಸ್‌ಮ್ಯಾಚ್‌ಗೆ ರಕ್ತದ ಸ್ಯಾಂಪಲ್ ಜೊತೆಗೇ, ನೋವಿಗೆ ಫೆಂಟನಿಲ್ ಅಥವಾ ಮಾರ್ಫಿನ್ ಸಣ್ಣ ಡೋಸ್. ಆಂಬುಲೆನ್ಸ್ ಹೊರಡುವ ಮೊದಲು ಫೋನ್. ಕೇಳಬೇಕಾದ ಪ್ರಶ್ನೆ ಒಂದೇ: ವ್ಯಾಸ್ಕುಲರ್ ಸರ್ಜನ್ ಮತ್ತು ಕ್ಯಾಥ್‌ಲ್ಯಾಬ್ ಎರಡೂ ಈ ಹೊತ್ತಿನಲ್ಲಿ ಇವೆಯೇ? ಬೆಡ್ ಇದೆ ಎಂಬ ಉತ್ತರ ಸಾಲದು. ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿ.ಮೀ., ನಡುವೆ ಇನ್ನೊಂದು ಆಸ್ಪತ್ರೆಯಲ್ಲಿ ಇಳಿಸಿ ಮತ್ತೆ ಹತ್ತಿಸಿದರೆ ಇರುವ ಸಮಯವೂ ಹೋಗುತ್ತದೆ.

ಡಾಪ್ಲರ್ ರಾಣೆಬೆನ್ನೂರು

ಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್ ಎಂದು ಬಂತು, ಅದನ್ನು ಊರ ಹತ್ತಿರವೇ ಮಾಡಿಸಬಹುದು. ಒಂದು ತಿಂಗಳಿಗೆ ಸಿಟಿ ಆಂಜಿಯೋ ಆಗಲಿ. ಅದರಲ್ಲಿ ಸೋರಿಕೆ ಇಲ್ಲದಿದ್ದರೆ ಮುಂದಿನ ವರ್ಷಗಳಿಗೆ ಡಾಪ್ಲರ್ ನಡೆಯುತ್ತದೆ, ಕ್ರಿಯಾಟಿನಿನ್ 1.6 ಇರುವವರಿಗೆ ಅದೇ ಒಳ್ಳೆಯದು. ಬೆಳಗ್ಗೆ ಬರಿ ಹೊಟ್ಟೆಯಲ್ಲಿ, 6 ತಾಸು ಏನೂ ತಿನ್ನದೆ ಬರಬೇಕು, ಗ್ಯಾಸ್ ಇದ್ದರೆ ನೆಕ್ ಕಾಣುವುದೇ ಇಲ್ಲ. ಮುಂದಿನಿಂದ ಹಿಂದಕ್ಕೆ, ಹೊರಗೋಡೆಯಿಂದ ಹೊರಗೋಡೆಗೆ ಅಳೆದು, ಹೇಗೆ ಅಳೆದಿರಿ ಎಂಬುದನ್ನೂ ರಿಪೋರ್ಟಿನಲ್ಲಿ ಬರೆಯಿರಿ. ಒಬ್ಬರು ಒಳಗೋಡೆ, ಇನ್ನೊಬ್ಬರು ಹೊರಗೋಡೆ ಹಿಡಿದರೆ 3-4 ಮಿ.ಮೀ. ವ್ಯತ್ಯಾಸ ಸುಮ್ಮನೆ ಬರುತ್ತದೆ. ಹಿಂದಿನದ್ದಕ್ಕಿಂತ ಚೀಲ 5 ಮಿ.ಮೀ. ಬೆಳೆದಿದ್ದರೆ ಸೋರಿಕೆ ಕಾಣಲಿ ಬಿಡಲಿ, ಸಿಟಿಗೆ ಕಳಿಸಿ. ಎರಡೂ ಲೆಗ್‌ಗಳಲ್ಲಿ ರಕ್ತದ ವೇಗ ನೋಡದೆ ಸ್ಕ್ಯಾನ್ ಮುಗಿಸಬೇಡಿ.

ರೋಣ ಫಿಜಿಷಿಯನ್

ಲೆಗ್ ಮುಚ್ಚಿಹೋದರೆ ನಮ್ಮ ಬಳಿ ಹೇಗೆ ಬರುತ್ತಾರೆ? ಮತ್ತೆ, ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ಬರೆಯುವುದಿತ್ತು, ಪ್ರಾಸ್ಟೇಟ್ ತೊಂದರೆಯೂ ಇದೆ.

ಧಾರವಾಡ ವ್ಯಾಸ್ಕುಲರ್

ಸಿಪ್ರೊ, ಲಿವೊ ಎರಡೂ ಬೇಡ. ಆ ಗುಂಪಿನ ಔಷಧಕ್ಕೂ ಅಯೋರ್ಟಾ ಒಡೆಯುವುದಕ್ಕೂ ಸಂಬಂಧವಿದೆ ಎಂದು ಅಮೆರಿಕದ ಎಫ್‌ಡಿಎ ಡಿಸೆಂಬರ್ 2018ರಲ್ಲೇ ಎಚ್ಚರಿಸಿದೆ. ಕಲ್ಚರ್ ನೋಡಿ ಬೇರೆ ಕೊಡಿ, ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಬಿಡಿ. ಊರಿನ ಮೆಡಿಕಲ್ ಶಾಪ್‌ನವರಿಗೂ ಗೊತ್ತಾಗಬೇಕು.

ಲೆಗ್ ಮುಚ್ಚುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ. ಸಣ್ಣ, ತಿರುಚಿದ ಇಲಿಯಾಕ್‌ನಲ್ಲಿ ಲೆಗ್ ಮಡಚಿದ್ದರೆ ಆಗುತ್ತದೆ, ಇವರ ಎಡಗಡೆ ಅದಕ್ಕೇ ನನಗೆ ಚಿಂತೆ. ನಡೆದಾಗ ಒಂದೇ ಕಾಲಿನ ಮೀನಖಂಡ, ತೊಡೆ, ಕುಂಡೆ ಹಿಡಿದುಕೊಳ್ಳುವುದು ಮೊದಲ ಸೂಚನೆ, ಸೊಂಟದ ನರ ಎಂದು ಎಷ್ಟೋ ದಿನ ಬೆಲ್ಟ್ ಕಟ್ಟಿಸಿಕೊಂಡು ಓಡಾಡುತ್ತಾರೆ. ಎರಡೂ ತೊಡೆಸಂದಿಯ ನಾಡಿ ಮುಟ್ಟಿ ನೋಡಿ, ಒಂದು ಸಿಗದಿದ್ದರೆ ಅದೇ. ಕಾಲು ಒಮ್ಮೆಲೇ ತಣ್ಣಗಾಗಿ, ಬೆಳ್ಳಗಾಗಿ, ಬೆರಳು ಆಡಿಸಲು ಬಾರದಿದ್ದರೆ ಹೆಪಾರಿನ್ 5000 ಯುನಿಟ್ ಐವಿ ಕೊಟ್ಟು ತಕ್ಷಣ ಕಳಿಸಿ, ಡಾಪ್ಲರ್‌ಗೆಂದು ಕಾಯಬೇಡಿ. 6 ತಾಸಿನೊಳಗೆ ರಕ್ತ ಹರಿಯಬೇಕು, ಆ ಲೆಕ್ಕ ನೋವು ಶುರುವಾದ ಗಳಿಗೆಯಿಂದ. ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ರೆಫರಲ್ ಚೀಟಿಯ ಮೊದಲ ಸಾಲಿನಲ್ಲೇ ಬರೆಯಿರಿ, ಕೆಳಗೆ ಗ್ರಾಫ್ಟ್ ಕಾರ್ಡಿನಲ್ಲಿರುವ ಕಂಪನಿ, ಸೈಜು, ಹಾಕಿದ ತಾರೀಖು.